ವಿಳಾಸವೋ, ಫಾರಮೋ?

ಹುಟ್ಟಿದೂರನ್ನು ಬಿಟ್ಟು ಮುಂಬಯಿಗೆ ಬಂದು ನೆಲಸಿದ ಕನ್ನಡಿಗರು ಒಂದು ಕಾಲದಲ್ಲಿ ಎರಡು ಬಗೆಯ ಟಪಾಲು ಕಾಗದಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು. ಒಂದು, ನೀಲಿಯ ಇನ್‌ಲೆಂಡ್ ಪತ್ರ. ಇನ್ನೊಂದು, ಮನಿಆರ್ಡರ್ ಫಾರಂ. ಇನ್‌ಲೆಂಡ್ ಪತ್ರದಲ್ಲಿ ಮನಸ್ಸಿಗೆ ಬಂದುದನ್ನು ಬಂದ ಕ್ರಮದಲ್ಲಿಯೇ ಬರೆಯಬಹುದಾಗಿತ್ತು. ಮನಿಆರ್ಡರ್ ಫಾರಮಿನಲ್ಲಿ ಹಾಗಲ್ಲ. ಹಣದ ಮೊತ್ತಕ್ಕೆ ಒಂದು ಸ್ಥಳ, ಹೆಸರಿಗೆ ಒಂದು ಸ್ಥಳ, ವಿಳಾಸಕ್ಕೆ ಒಂದು ಸ್ಥಳ. ಕ್ಷೇಮಸಮಾಚಾರಕ್ಕೆ ಅಂಗೈಯಗಲದ ಜಾಗ. ಆದರೆ ಆ ಫಾರಮಿಗೆ ಒಂದು ದೊಡ್ಡ ಗುಣವಿತ್ತು. ಹಣ ಕಟ್ಟಿದೊಡನೆ ಅಂಚೆಯ ಗುಮಾಸ್ತರು ರಸೀದಿ ಕೊಡುತ್ತಿದ್ದರು. ಹಣ ತಲುಪಿದ ಮೇಲೆ, ಪಡೆದವರ ರುಜು ಇದ್ದ ತುಂಡು ಕಾಗದವು ಕಳುಹಿಸಿದವರ ಕೈಗೆ ಹಿಂದಿರುಗಿ ಬರುತ್ತಿತ್ತು. ಈ ರಸೀದಿಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ನಾವು ಹೇಳಲಿರುವ ವಿಚಾರವೆಲ್ಲ ಅದನ್ನೇ ಅವಲಂಬಿಸಿದೆ.

ಇಂದಿನ ಘಾಟ್ಕೋಪರಿನಲ್ಲಿ ಸಣ್ಣ ವ್ಯಾಪಾರಗಳಿಗೆ ಲೆಕ್ಕವಿಲ್ಲ. ಸಂಜೆಯಾಯಿತೆಂದರೆ ಖಾವೂ ಗಲ್ಲಿಯಲ್ಲಿ ದೋಸೆಯ ಕಾವಲಿಗಳು ಚುರುಗುಟ್ಟುತ್ತವೆ. ದರ್ಜಿಗಳು, ಮುದ್ರಣಾಲಯದವರು, ಮನೆಪಾಠದವರು, ಮದುವೆಮುಂಜಿಗಳಿಗೆ ಅಡುಗೆಯ ಗುತ್ತಿಗೆ ಹಿಡಿಯುವವರು, ಊರಿಗೆ ಹೋಗುವ ಬಸ್ಸಿನ ಟಿಕೇಟು ಮಾಡಿಸಿಕೊಡುವವರು, ಹೀಗೆ ನಾನಾ ಕಸುಬಿನವರು ಇಲ್ಲಿದ್ದಾರೆ. ಇವರಲ್ಲಿ ಅನೇಕರು ತಮ್ಮ ವ್ಯಾಪಾರದ ಹೆಸರಿನಲ್ಲಿ ಒಂದು ಜಾಲತಾಣವನ್ನು ಮಾಡಿಸಿಕೊಳ್ಳುವುದುಂಟು. ಆ ತಾಣದಲ್ಲಿ 'ನಮ್ಮನ್ನು ಸಂಪರ್ಕಿಸಿ' ಎಂಬ ಒಂದು ಪುಟ ತಪ್ಪದೆ ಇರುತ್ತದೆ. ಅದನ್ನು ತೆರೆದು ನೋಡಿದರೆ ಕೆಲವರು ತಮ್ಮ ಇ-ಮೇಲ್ ವಿಳಾಸವನ್ನು ನೇರವಾಗಿ ಬರೆದಿರುತ್ತಾರೆ. ಮತ್ತೆ ಕೆಲವರು ವಿಳಾಸವನ್ನು ಕೊಡದೆ, ಹೆಸರು, ಫೋನು, ವಿಷಯ, ಸಂದೇಶ ಎಂಬ ಚೌಕಗಳುಳ್ಳ ಒಂದು ಫಾರಮನ್ನು ಇಟ್ಟಿರುತ್ತಾರೆ. ಮೇಲುನೋಟಕ್ಕೆ ಎರಡರ ಉದ್ದೇಶವೂ ಒಂದೇ. ಆದರೆ ಬರೆಯುವವನ ಪಾಲಿಗೆ ಇವೆರಡರ ನಡುವೆ ಬಹಳ ಅಂತರವಿದೆ. ಆ ಅಂತರವೇನೆಂಬುದನ್ನು ಈಗ ವಿಚಾರಿಸೋಣ.

ಮೊದಲು ಇ-ಮೇಲ್ ಪತ್ರವು ಹೋಗುವ ದಾರಿಯನ್ನು ನೋಡಬೇಕು. ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವ ಕ್ರಮವನ್ನು 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರರು ರೂಪಿಸಿದರು. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು '@' ಎಂಬ ಗುರುತನ್ನು ಆರಿಸಿಕೊಂಡವರೂ ಅವರೇ. ಒಂದು ಅಂಚೆಯ ಯಂತ್ರವು ಇನ್ನೊಂದರೊಡನೆ ಯಾವ ರೀತಿಯಲ್ಲಿ ಮಾತನಾಡತಕ್ಕದ್ದು ಎಂಬ ನಿಯಮಾವಳಿಯು 1982ರಲ್ಲಿ ಗೊತ್ತಾಯಿತು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಅಂತರಜಾಲದ ಸೇವೆಯನ್ನು ಸಾರ್ವಜನಿಕರಿಗೆ ತೆರೆಯಿತು. ಮುಂಬಯಿಯು ಆ ಸೇವೆ ಮೊದಲು ದೊರೆತ ನಗರಗಳಲ್ಲೊಂದು.

ಇ-ಮೇಲ್ ವಿಳಾಸದಲ್ಲಿ '@' ಗುರುತಿನ ಬಲಕ್ಕಿರುವುದು ಅಂಚೆಕಚೇರಿಯ ಹೆಸರು. ಎಡಕ್ಕಿರುವುದು ಆ ಕಚೇರಿಯಲ್ಲಿರುವ ಪೆಟ್ಟಿಗೆಯ ಹೆಸರು. ನಮ್ಮ ಘಾಟ್ಕೋಪರಿನ ಪಶ್ಚಿಮಕ್ಕೆ 400086, ಪೂರ್ವಕ್ಕೆ 400077 ಎಂಬ ಪಿನ್ ಸಂಖ್ಯೆಗಳಿರುವಂತೆಯೇ ಇದೂ ಒಂದು ಗುರುತು. ನಾವು ಪತ್ರವನ್ನು ಕಳುಹಿಸಿದಾಗ ನಮ್ಮ ಕಡೆಯ ಯಂತ್ರವು ಆ ಕಡೆಯ ಯಂತ್ರವನ್ನು ಹುಡುಕಿ, 'ಈ ಹೆಸರಿನ ಪೆಟ್ಟಿಗೆ ನಿಮ್ಮಲ್ಲಿ ಉಂಟೆ?' ಎಂದು ಕೇಳುತ್ತದೆ. ಉಂಟೆಂದರೆ ಪತ್ರವನ್ನು ಒಪ್ಪಿಸುತ್ತದೆ. ಇಲ್ಲವೆಂದರೆ, ವಿಳಾಸದಾರರು ಸಿಗದ ಕಾಗದವನ್ನು ಅಂಚೆಯವರು ಹಿಂದಿರುಗಿಸುವ ಹಾಗೆ, ಪತ್ರ ತಲುಪಲಿಲ್ಲವೆಂಬ ಸೂಚನೆಯನ್ನು ಸಾಮಾನ್ಯವಾಗಿ ನಮಗೆ ತಂದುಕೊಡುತ್ತದೆ. ಇದಕ್ಕೂ ಮುಖ್ಯವಾದ ಸಂಗತಿಯೆಂದರೆ, ನಾವು ಬರೆದ ಪತ್ರದ ಒಂದು ನಕಲು, ದಿನಾಂಕ ವೇಳೆಗಳ ಸಮೇತ, ನಮ್ಮ ಖಾತೆಯಲ್ಲಿಯೇ ಉಳಿಯುತ್ತದೆ.

ಇನ್ನು ಫಾರಮಿನ ದಾರಿ. ಜಾಲಪುಟದಲ್ಲಿ ಚೌಕಗಳನ್ನಿಟ್ಟು ತುಂಬಿಸಿಕೊಳ್ಳುವ ಏರ್ಪಾಡು 1995ರ ಹೊತ್ತಿಗೆ ಜಾಲಪುಟಗಳ ಅಂಗೀಕೃತ ನಿಯಮಗಳಲ್ಲಿ ಸೇರಿತು. ನಾವು ಚೌಕಗಳನ್ನು ತುಂಬಿ 'ಕಳುಹಿಸು' ಎಂಬ ಗುಂಡಿಯನ್ನು ಒತ್ತಿದಾಗ, ಬರೆದುದೆಲ್ಲವೂ ಒಂದು ಕಟ್ಟಾಗಿ ಆ ಜಾಲತಾಣವಿರುವ ಸರ್ವರಿಗೆ ಹೋಗುತ್ತದೆ. ಅಲ್ಲಿರುವ ತಂತ್ರಾಂಶವೊಂದು ಆ ಕಟ್ಟನ್ನು ಬಿಚ್ಚಿ, ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ, ಅಥವಾ ಅದನ್ನೇ ಇ-ಮೇಲ್ ಪತ್ರವಾಗಿ ಮಾರ್ಪಡಿಸಿ ಅಂಗಡಿಕಾರನಿಗೆ ಕಳುಹಿಸುತ್ತದೆ. ಎಂದರೆ ಸಂದೇಶವು ಎರಡು ಪ್ರಯಾಣಗಳನ್ನು ಮಾಡಬೇಕು. ನಮ್ಮಿಂದ ಸರ್ವರಿನವರೆಗೆ ಒಂದು. ಸರ್ವರಿನಿಂದ ಅಂಗಡಿಕಾರನವರೆಗೆ ಇನ್ನೊಂದು. 'ಧನ್ಯವಾದ, ನಿಮ್ಮ ಸಂದೇಶ ತಲುಪಿದೆ' ಎಂದು ಪುಟದಲ್ಲಿ ಮೂಡುವ ಮಾತು ಮೊದಲನೆಯ ಪ್ರಯಾಣಕ್ಕೆ ಮಾತ್ರ ಸಾಕ್ಷಿ. ಎರಡನೆಯ ಪ್ರಯಾಣವು ಮುಗಿಯಿತೋ ಇಲ್ಲವೋ ಎಂಬುದನ್ನು ಅದು ಹೇಳಲಾರದು.

ಹಾಗಾದರೆ ಅಂಗಡಿಕಾರರು ವಿಳಾಸವನ್ನು ಮುಚ್ಚಿಟ್ಟು ಫಾರಮನ್ನು ಮುಂದಿಡುವುದೇಕೆ? ಅದಕ್ಕೆ ತಕ್ಕ ಕಾರಣವುಂಟು. 1978ರ ಮೇ ತಿಂಗಳಲ್ಲಿ ಗ್ಯಾರಿ ಥರ್ಕ್ ಎಂಬ ಅಮೆರಿಕದ ಮಾರಾಟಗಾರರು ತಮ್ಮ ಕಂಪೆನಿಯ ಗಣಕಯಂತ್ರಗಳ ಜಾಹೀರಾತನ್ನು, ಕೇಳದೆಯೇ, ಸುಮಾರು 400 ಮಂದಿಗೆ ಒಟ್ಟಿಗೆ ಕಳುಹಿಸಿದರು. ಬೇಡದ ಅಂಚೆಗೆ ಅದೇ ನಾಂದಿಯೆಂದು ಎಣಿಸುವುದು ವಾಡಿಕೆ. ಇಂಥ ಅಂಚೆಗೆ 'ಸ್ಪ್ಯಾಮ್' ಎಂಬ ಹೆಸರು ಆ ಬಳಿಕ ರೂಢಿಗೆ ಬಂದಿತು. ವಿಳಾಸ ಸಿಕ್ಕಿದರೆ ಸಾಕು, ಲಕ್ಷಗಟ್ಟಲೆ ಪತ್ರಗಳನ್ನು ಹೆಚ್ಚು ಖರ್ಚಿಲ್ಲದೆ ಕಳುಹಿಸಬಹುದೆಂದು ತಿಳಿದ ಮೇಲೆ, ಜಾಲಪುಟಗಳನ್ನು ಒಂದೊಂದಾಗಿ ಓದುತ್ತಾ '@' ಗುರುತನ್ನು ಕಂಡಲ್ಲೆಲ್ಲ ವಿಳಾಸವನ್ನು ಹೆಕ್ಕುವ ತಂತ್ರಾಂಶಗಳು ಹುಟ್ಟಿಕೊಂಡವು. ಅಕ್ಕಿಯಲ್ಲಿ ಕಲ್ಲು ಹೆಕ್ಕುವಷ್ಟು ತಾಳ್ಮೆಯೂ ಅವಕ್ಕೆ ಬೇಕಾಗಿಲ್ಲ.

2003ರಲ್ಲಿ ಅಮೆರಿಕದ 'ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ' ಎಂಬ ಸಂಸ್ಥೆಯು ಈ ವಿಷಯದಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿತು. ನೂರಾರು ಹೊಸ ವಿಳಾಸಗಳನ್ನು ಮಾಡಿ, ಒಂದೊಂದನ್ನು ಒಂದೊಂದು ಕಡೆಯಲ್ಲಿ ಬಳಸಿ, ಆರು ತಿಂಗಳ ಕಾಲ ಕಾದು ನೋಡಿದಾಗ, ಬೇಡದ ಅಂಚೆಯ ಬಹುಪಾಲು ಬಂದುದು ಸಾರ್ವಜನಿಕ ಜಾಲಪುಟಗಳಲ್ಲಿ ಬರೆದಿಟ್ಟ ವಿಳಾಸಗಳಿಗೆ. ಅದೇ ವಿಳಾಸವನ್ನು ಯಂತ್ರಕ್ಕೆ ಗುರುತು ಸಿಗದಂತೆ ಮರೆಸಿ ಬರೆದ ಕಡೆ ಅಂಥ ಅಂಚೆ ಬರಲಿಲ್ಲ. ಆದುದರಿಂದ ಅಂಗಡಿಕಾರರ ಅಂಜಿಕೆ ನಿರಾಧಾರವಾದುದಲ್ಲ. ದಿನಕ್ಕೆ ನೂರು ಹಾಳು ಪತ್ರಗಳ ನಡುವೆ ಒಂದು ಮದುವೆಯ ಅಡುಗೆಯ ಬೇಡಿಕೆ ಬಂದಿದ್ದರೆ, ಅದು ಕಣ್ಣಿಗೆ ಬೀಳದೆ ಹೋಗುವುದು ಆಶ್ಚರ್ಯವಲ್ಲ. ಆದರೆ ಅಂದಿನಿಂದ ಇಂದಿಗೆ ಅಂಚೆಯ ಜರಡಿಗಳು ಬಹಳ ನಯವಾಗಿವೆ. ಬೇಡದ ಪತ್ರಗಳಲ್ಲಿ ಹೆಚ್ಚಿನವನ್ನು ಅವು ತಾವೇ ಬೇರ್ಪಡಿಸುತ್ತವೆ ಎಂಬುದನ್ನೂ ಇಲ್ಲಿ ಹೇಳಬೇಕು.

ಫಾರಮಿಗೆ ಬೇರೆ ಗುಣಗಳೂ ಇವೆ. ಪಂತನಗರದಲ್ಲಿ ಅಡುಗೆಯ ಗುತ್ತಿಗೆ ಹಿಡಿಯುವ ಒಬ್ಬ ಗೃಹಸ್ಥರಿದ್ದಾರೆಂದು ಕಲ್ಪಿಸಿಕೊಳ್ಳೋಣ. ಗಿರಾಕಿಯು ಪತ್ರ ಬರೆದು, 'ನಮ್ಮ ಮನೆಯಲ್ಲಿ ಶುಭಕಾರ್ಯವಿದೆ, ದರ ತಿಳಿಸಿ' ಎಂದಷ್ಟೇ ಹೇಳಿದರೆ, ಎಂದು, ಎಲ್ಲಿ, ಎಷ್ಟು ಎಲೆ ಎಂದು ತಿಳಿಯುವುದಕ್ಕೇ ನಾಲ್ಕು ಪತ್ರಗಳು ಬೇಕಾಗುತ್ತವೆ. ಫಾರಮಿನಲ್ಲಿ ದಿನಾಂಕ, ಸ್ಥಳ, ಊಟದವರ ಸಂಖ್ಯೆ, ಈರುಳ್ಳಿ ಬೆಳ್ಳುಳ್ಳಿ ಬೇಕೋ ಬೇಡವೋ ಎಂಬ ಚೌಕಗಳಿದ್ದರೆ ಎಲ್ಲವೂ ಒಂದೇ ಸಲಕ್ಕೆ ತಿಳಿಯುತ್ತದೆ. ಗುಜರಾತಿ, ಜೈನ ಕುಟುಂಬಗಳು ಹೆಚ್ಚಾಗಿರುವ ನಮ್ಮ ಉಪನಗರದಲ್ಲಿ ಕೊನೆಯ ಪ್ರಶ್ನೆಯು ಅಲ್ಪವಾದುದಲ್ಲ. ಇದಲ್ಲದೆ, ತನ್ನದೇ ಆದ ಇ-ಮೇಲ್ ಖಾತೆಯಿಲ್ಲದವನೂ ತನ್ನ ಫೋನಿನ ಸಂಖ್ಯೆಯನ್ನು ಕೊಟ್ಟು ಫಾರಮಿನ ಮೂಲಕ ವಿಚಾರಿಸಬಹುದು. ಕ್ರಮವಾಗಿ ಕೇಳಿ ಕ್ರಮವಾಗಿ ಉತ್ತರ ಪಡೆಯುವ ಕೆಲಸಕ್ಕೆ ಫಾರಂ ಒಳ್ಳೆಯ ಸಾಧನವೇ ಸರಿ.

ಇಷ್ಟೆಲ್ಲ ಗುಣಗಳಿದ್ದರೂ ಫಾರಮಿನ ದೋಷಗಳನ್ನು ಕಡೆಗಣಿಸುವಂತಿಲ್ಲ. ಮೊದಲನೆಯದು, ಬರೆದವನ ಬಳಿ ನಕಲು ಉಳಿಯದಿರುವುದು. ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಚೌಕಗಳು ಬರಿದಾಗುತ್ತವೆ. ಏನು ಬರೆದೆವು, ಯಾವ ದಿನ ಬರೆದೆವು, ಎಷ್ಟು ಜನರೆಂದು ತಿಳಿಸಿದೆವು ಎಂಬುದಕ್ಕೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ವ್ಯವಹಾರವು ಸುಗಮವಾಗಿ ನಡೆದರೆ ಇದರ ಕೊರತೆ ತಿಳಿಯದು. ತಕರಾರು ಬಂದಾಗ ಮಾತ್ರ, ದಾಖಲೆಯೆಲ್ಲ ಒಂದೇ ಪಕ್ಷದ ಕೈಯಲ್ಲಿದೆಯೆಂಬುದು ಅರಿವಿಗೆ ಬರುತ್ತದೆ.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ಸಂದೇಶವು ಸದ್ದಿಲ್ಲದೆ ಕಳೆದುಹೋಗಬಹುದು. ಇದು ಹೇಗಾಗುತ್ತದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಉಡುಪಿಯವರ ಹೆಸರಿನಲ್ಲಿರುವ ಕಾಗದಕ್ಕೆ ಘಾಟ್ಕೋಪರಿನ ಅಂಚೆಯ ಮುದ್ರೆ ಬಿದ್ದಿದ್ದರೆ ಪಡೆದವರಿಗೆ ಸಂಶಯ ಬರುವುದಿಲ್ಲವೆ? ಕೆಲವು ಫಾರಮುಗಳ ತಂತ್ರಾಂಶವು ಪತ್ರವನ್ನು ಸಿದ್ಧಪಡಿಸುವಾಗ, 'ಇವರಿಂದ' ಎಂಬಲ್ಲಿ ಗಿರಾಕಿಯ ವಿಳಾಸವನ್ನೇ ಬರೆಯುತ್ತದೆ. ಗಿರಾಕಿಯ ವಿಳಾಸ ಜಿಮೇಲಿನದು. ಪತ್ರ ಹೊರಟಿರುವುದು ಮಾತ್ರ ಅಂಗಡಿಯ ಜಾಲತಾಣದ ಸರ್ವರಿನಿಂದ. ಯಾವ ಹೆಸರಿನ ಪತ್ರವು ಯಾವ ಯಂತ್ರದಿಂದ ಹೊರಡಬಹುದೆಂದು ಪರಿಶೀಲಿಸುವ 'ಎಸ್‌ಪಿಎಫ್', 'ಡಿಮಾರ್ಕ್' ಮುಂತಾದ ಕಟ್ಟಳೆಗಳು ಈಚಿನ ವರ್ಷಗಳಲ್ಲಿ ಬಲಗೊಂಡಿವೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಈ ವಿಷಯದಲ್ಲಿ ಮತ್ತಷ್ಟು ಬಿಗಿಯಾದುವು. ಪರಿಣಾಮವಾಗಿ, ಇಂಥ ಪತ್ರವನ್ನು ಖೋಟಾ ಎಂದು ಬಗೆದು ಪಡೆಯುವ ಯಂತ್ರವು ಬೇಡದ ಅಂಚೆಯ ಬುಟ್ಟಿಗೆ ಹಾಕಬಹುದು, ಅಥವಾ ಒಳಗೆ ಬಿಡದೆಯೇ ಇರಬಹುದು. ಗಿರಾಕಿಗೆ 'ಧನ್ಯವಾದ' ಎಂಬ ಮಾತು ಕಂಡಿರುತ್ತದೆ. ಅಂಗಡಿಕಾರನಿಗೆ ಏನೂ ಬಂದಿರುವುದಿಲ್ಲ. ಗಿರಾಕಿಯು 'ಇವರಿಗೆ ಉತ್ತರ ಕೊಡುವ ಸೌಜನ್ಯವಿಲ್ಲ' ಎಂದುಕೊಳ್ಳುತ್ತಾನೆ. ಅಂಗಡಿಕಾರನು 'ಈ ವರುಷ ವ್ಯಾಪಾರವೇ ಇಲ್ಲ' ಎಂದುಕೊಳ್ಳುತ್ತಾನೆ. ಇಬ್ಬರದೂ ತಪ್ಪಿಲ್ಲ, ನಷ್ಟ ಮಾತ್ರ ಇಬ್ಬರಿಗೂ ಉಂಟು.

ಮೂರನೆಯದಾಗಿ, ಫಾರಮು ಇಟ್ಟಮಾತ್ರಕ್ಕೆ ಬೇಡದ ಅಂಚೆಯ ಕಾಟ ತಪ್ಪಿತೆಂದು ಹೇಳುವಂತಿಲ್ಲ. ಫಾರಮುಗಳನ್ನೇ ತುಂಬುವ ತಂತ್ರಾಂಶಗಳೂ ಇವೆ. ಅವನ್ನು ತಡೆಯಲು, ಸೊಟ್ಟಗೆ ಬರೆದ ಅಕ್ಷರಗಳನ್ನು ಓದಿ ತೋರಿಸು, ಚಿತ್ರಗಳಲ್ಲಿ ಬಸ್ಸು ಎಲ್ಲಿದೆಯೆಂದು ಗುರುತಿಸು, ಎಂಬ ಪರೀಕ್ಷೆಗಳನ್ನು ಒಡ್ಡುತ್ತಾರೆ. ಇದಕ್ಕೆ 'ಕ್ಯಾಪ್ಚಾ' ಎಂದು ಹೆಸರು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ಫಾನ್ ಆನ್ ಮತ್ತು ಅವರ ಸಂಗಡಿಗರು ಈ ಹೆಸರನ್ನು ಬಳಕೆಗೆ ತಂದರು. ಬಂದವನು ಮನುಷ್ಯನೋ ಯಂತ್ರವೋ ಎಂದು ಶೋಧಿಸುವ ಉಪಾಯವೇನೋ ಚತುರವಾದುದು. ಆದರೆ ದೃಷ್ಟಿ ಮಂದವಾದ ಹಿರಿಯರಿಗೆ, ಕಣ್ಣು ಕಾಣದವರಿಗೆ, ಇದು ಬಾಗಿಲಿನ ಮುಂದಿಟ್ಟ ಬಂಡೆಯಂತೆ ಅಡ್ಡವಾಗುತ್ತದೆ.

ನಾಲ್ಕನೆಯ ತೊಡಕು ನಮ್ಮಂಥ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದುದು. ಅನೇಕ ಫಾರಮುಗಳಲ್ಲಿ 'ಅಡ್ಡಹೆಸರು' ಎಂಬ ಚೌಕವನ್ನು ತುಂಬದ ಹೊರತು ಮುಂದೆ ಹೋಗಲಾಗದು. ನಮ್ಮಲ್ಲಿಯೋ, ಊರಿನ ಮೊದಲಕ್ಷರವನ್ನೂ ತಂದೆಯ ಹೆಸರಿನ ಮೊದಲಕ್ಷರವನ್ನೂ ಮುಂದಿಟ್ಟುಕೊಂಡು ಒಂದೇ ಹೆಸರಿನಿಂದ ಬಾಳುವವರು ಎಷ್ಟೋ ಮಂದಿ. ಅವರು ಒಂದಕ್ಷರವನ್ನು ಬರೆದರೆ 'ಇದು ಸರಿಯಾದ ಹೆಸರಲ್ಲ' ಎಂದು ಫಾರಂ ಹಟ ಹಿಡಿಯುತ್ತದೆ. ಇನ್ನು ಕನ್ನಡ ಲಿಪಿಯಲ್ಲಿ ಹೆಸರು ಬರೆದರೆ ಕೆಲವು ಫಾರಮುಗಳು ಒಪ್ಪುವುದಿಲ್ಲ. ಮತ್ತೆ ಕೆಲವು ಒಪ್ಪಿದಂತೆ ನಟಿಸಿ, ಅಂಗಡಿಕಾರನಿಗೆ ಸಾಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಮುಟ್ಟಿಸುತ್ತವೆ. ಕನ್ನಡದ ಅಕ್ಷರಗಳು 1991ರ ಮೊದಲ ಯೂನಿಕೋಡ್ ಪಟ್ಟಿಯಲ್ಲಿಯೇ ಸೇರಿದ್ದವು. ಆದುದರಿಂದ ಇದು ನಮ್ಮ ಲಿಪಿಯ ಕೊರತೆಯಲ್ಲ. ಇಂಗ್ಲಿಷಿನ 26 ಅಕ್ಷರಗಳೇ ಜಗತ್ತೆಂದು ತಿಳಿದು ಫಾರಂ ಕಟ್ಟಿದವರ ಅಲಕ್ಷ್ಯ. ಇ-ಮೇಲ್ ಪತ್ರದಲ್ಲಾದರೋ ಈ ಬಗೆಯ ಕಟ್ಟುಪಾಡಿಲ್ಲ. ಕನ್ನಡದಲ್ಲಿ ಬರೆದುದು ಕನ್ನಡದಲ್ಲಿಯೇ ತಲುಪುವುದು ಇಂದು ಸಾಮಾನ್ಯ ಸಂಗತಿ.

ಈ ವಿಷಯದಲ್ಲಿ ಕಾನೂನು ಏನೆನ್ನುತ್ತದೆ? ನಮ್ಮ ದೇಶದಲ್ಲಿ 2020ರ ಜುಲೈ ತಿಂಗಳಲ್ಲಿ, ಜಾಲದ ಮೂಲಕ ನಡೆಯುವ ವ್ಯಾಪಾರಕ್ಕಾಗಿ ಗ್ರಾಹಕ ಸಂರಕ್ಷಣೆಯ ನಿಯಮಗಳು ಜಾರಿಗೆ ಬಂದವು. ಅವುಗಳ ಪ್ರಕಾರ, ಹೀಗೆ ಮಾರಾಟ ಮಾಡುವ ಸಂಸ್ಥೆಯು ತನ್ನ ಕಾನೂನುಬದ್ಧವಾದ ಹೆಸರನ್ನೂ, ಮುಖ್ಯ ಕಚೇರಿಯ ವಿಳಾಸವನ್ನೂ, ಇ-ಮೇಲ್, ದೂರವಾಣಿ ಮುಂತಾದ ಸಂಪರ್ಕದ ವಿವರಗಳನ್ನೂ ತನ್ನ ತಾಣದಲ್ಲಿ ಸ್ಪಷ್ಟವಾಗಿ ತೋರಿಸತಕ್ಕದ್ದು. ದೂರುಗಳನ್ನು ವಿಚಾರಿಸಲು ಒಬ್ಬ ಅಧಿಕಾರಿಯಿರಬೇಕು. ಅವರು ದೂರು ಬಂದ 48 ಗಂಟೆಗಳೊಳಗೆ ಅದು ತಲುಪಿದೆಯೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ಮನಿಆರ್ಡರಿನ ರಸೀದಿಯ ನ್ಯಾಯವೇ ಇಲ್ಲಿ ಕಾನೂನಿನ ರೂಪದಲ್ಲಿ ಬಂದಿದೆಯೆಂದು ವಾಚಕರು ಗಮನಿಸಿರಬಹುದು.

ಯುರೋಪಿನಲ್ಲಿ ಇದೇ ಪ್ರಶ್ನೆಯು ನ್ಯಾಯಾಲಯದ ಮೆಟ್ಟಿಲನ್ನೇ ಏರಿತು. ಜರ್ಮನಿಯಲ್ಲಿ ಕಾರಿನ ವಿಮೆಯನ್ನು ಅಂತರಜಾಲದ ಮೂಲಕವೇ ಮಾರುತ್ತಿದ್ದ ಕಂಪೆನಿಯೊಂದು ತನ್ನ ತಾಣದಲ್ಲಿ ಅಂಚೆಯ ವಿಳಾಸವನ್ನೂ ಇ-ಮೇಲ್ ವಿಳಾಸವನ್ನೂ ಕೊಟ್ಟಿತ್ತು. ಫೋನಿನ ಸಂಖ್ಯೆಯನ್ನು ಕೊಟ್ಟಿರಲಿಲ್ಲ. ಅದರ ಬದಲು ಪ್ರಶ್ನೆಗಳನ್ನು ಕೇಳಲು ಒಂದು ಫಾರಮನ್ನಿಟ್ಟಿತ್ತು. ಗ್ರಾಹಕ ಸಂಘಗಳ ಒಕ್ಕೂಟವು ಇದನ್ನು ಆಕ್ಷೇಪಿಸಿತು. 2008ರ ಅಕ್ಟೋಬರ್ 16ರಂದು ಯುರೋಪಿನ ನ್ಯಾಯಾಲಯವು ಕೊಟ್ಟ ತೀರ್ಪಿನ ಸಾರ ಹೀಗಿದೆ: ಇ-ಮೇಲ್ ವಿಳಾಸವಂತೂ ಇರಲೇಬೇಕು. ಅದರ ಜೊತೆಗೆ ಶೀಘ್ರವೂ ನೇರವೂ ಫಲಕಾರಿಯೂ ಆದ ಇನ್ನೊಂದು ದಾರಿಯಿರಬೇಕು. ಆ ಇನ್ನೊಂದು ದಾರಿ ಫೋನೇ ಆಗಬೇಕೆಂದಿಲ್ಲ, ಫಾರಮೂ ಆಗಬಹುದು. ಆದರೆ ಅಂತರಜಾಲವನ್ನು ಬಳಸಲಾಗದ ಗಿರಾಕಿಯು ಬೇರೆ ದಾರಿಯನ್ನು ಕೇಳಿದರೆ ಒದಗಿಸಬೇಕು. ಆ ಕಂಪೆನಿಯು ಫಾರಮಿನ ಪ್ರಶ್ನೆಗಳಿಗೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಉತ್ತರ ಕೊಡುತ್ತಿತ್ತೆಂಬುದೂ ವಿಚಾರಣೆಯಲ್ಲಿ ಕಂಡುಬಂದಿತ್ತು. ಎಂದರೆ, ಫಾರಮಿನ ಯೋಗ್ಯತೆಯು ಅದರ ಹಿಂದೆ ಕುಳಿತು ಉತ್ತರಿಸುವ ಮನುಷ್ಯನನ್ನು ಅವಲಂಬಿಸಿದೆ.

ಇನ್ನೊಂದು ಮಾತು. ಚೌಕಗಳನ್ನು ಹೆಚ್ಚಿಸುವುದು ಬಹು ಸುಲಭ. ಆದುದರಿಂದ ಬೇಡದುದನ್ನೂ ಕೇಳುವ ಚಾಪಲ್ಯ ಫಾರಂ ಕಟ್ಟುವವರಿಗೆ ಉಂಟಾಗುತ್ತದೆ. ಇಡ್ಲಿಯ ದರ ತಿಳಿಯಲು ಹುಟ್ಟಿದ ದಿನಾಂಕವೇಕೆ? ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು, ಒಪ್ಪಿಗೆಯಿಂದ ವಿವರಗಳನ್ನು ಪಡೆಯುವಾಗ ಹೇಳಿದ ಉದ್ದೇಶಕ್ಕೆ ಅವಶ್ಯವಾದಷ್ಟನ್ನೇ ಪಡೆಯಬೇಕೆಂಬ ತತ್ತ್ವವನ್ನು ಮುಂದಿಟ್ಟಿದೆ. 18 ವರ್ಷ ತುಂಬದವರ ವಿವರಗಳಿಗೆ ತಂದೆತಾಯಿಗಳ ಅಥವಾ ಪೋಷಕರ ಒಪ್ಪಿಗೆ ಬೇಕೆಂದೂ ವಿಧಿಸಿದೆ. ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳೆಲ್ಲರೂ ಬಹುಮಟ್ಟಿಗೆ ಈ ವಯಸ್ಸಿನೊಳಗಿನವರೇ ಆದುದರಿಂದ ಇದನ್ನು ಚೆನ್ನಾಗಿ ತಿಳಿದಿರಬೇಕು.

ಹಾಗಾದರೆ ಸಣ್ಣ ವ್ಯಾಪಾರಿಯು ಏನು ಮಾಡತಕ್ಕದ್ದು? ವಿಳಾಸವೋ ಫಾರಮೋ ಎಂದು ಒಂದನ್ನೇ ಆರಿಸಬೇಕಾದ ಕಾರಣವಿಲ್ಲ. ಎರಡನ್ನೂ ಇಡುವುದೇ ಲೇಸು. ವಿಳಾಸವನ್ನು ಕಣ್ಣಿಗೆ ಕಾಣುವಂತೆ ಬರೆದಿಡಬೇಕು. ಸ್ವಂತದ ಪತ್ರಗಳಿಗೆ ಒಂದು, ವ್ಯಾಪಾರಕ್ಕೆ ಒಂದು, ಹೀಗೆ ಬೇರೆ ಬೇರೆ ಪೆಟ್ಟಿಗೆಗಳಿದ್ದರೆ ಬೇಡದ ಅಂಚೆಯ ಕಾಟವು ಒಂದಕ್ಕೇ ಸೀಮಿತವಾಗಿರುತ್ತದೆ. ಫಾರಮಿನಲ್ಲಿ ಅವಶ್ಯವಾದ ನಾಲ್ಕೈದು ಚೌಕಗಳು ಸಾಕು. ಹೆಸರಿಗೆ ಒಂದೇ ಚೌಕವಿರಲಿ, ಅದರಲ್ಲಿ ಕನ್ನಡವೂ ಮರಾಠಿಯೂ ಗುಜರಾತಿಯೂ ಹಿಡಿಸಲಿ. ಫಾರಮಿನಿಂದ ಬರುವ ಪತ್ರದಲ್ಲಿ 'ಇವರಿಂದ' ಎಂಬಲ್ಲಿ ಅಂಗಡಿಯ ಸ್ವಂತ ವಿಳಾಸವಿರಬೇಕು. ಗಿರಾಕಿಯ ವಿಳಾಸವು 'ಉತ್ತರ ಇವರಿಗೆ' ಎಂಬಲ್ಲಿ ಸೇರಬೇಕು. ಬಂದ ಸಂದೇಶಗಳು ಸರ್ವರಿನ ಪಟ್ಟಿಯಲ್ಲಿಯೂ ಉಳಿಯುವಂತಿರಬೇಕು. ಅಂಚೆ ತಪ್ಪಿದರೆ ಪಟ್ಟಿಯಾದರೂ ನೆರವಾದೀತು. ಎಲ್ಲಕ್ಕಿಂತ ಮಿಗಿಲಾಗಿ, ಗಿರಾಕಿಯು ಬರೆದುದರ ನಕಲೊಂದು ದಿನಾಂಕದೊಡನೆ ಅವನಿಗೇ ಹೋಗುವಂತೆ ಮಾಡಬೇಕು. ಅದೇ ಅವನ ರಸೀದಿ. ಇಷ್ಟಾದ ಮೇಲೆ ತಿಂಗಳಿಗೊಮ್ಮೆ ಅಂಗಡಿಕಾರನು ತಾನೇ ಗಿರಾಕಿಯಂತೆ ಫಾರಮನ್ನು ತುಂಬಿ, ತನಗೆ ಅದು ತಲುಪುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿ ನೋಡಬೇಕು. ತಾಣವನ್ನು ಮಾಡಿಕೊಟ್ಟವರ ಪೆಟ್ಟಿಗೆಗೇ ಸಂದೇಶಗಳು ಹೋಗುತ್ತಿದ್ದು, ಅವರು ಆ ಕೆಲಸ ಬಿಟ್ಟು ಬಹುಕಾಲವಾಗಿದ್ದರೆ, ಅದು ಈ ಪರೀಕ್ಷೆಯಿಂದಲೇ ಬೆಳಕಿಗೆ ಬರುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಉಂಟು. ಮನೆಯ ಹಿರಿಯರ ಪರವಾಗಿ ಇಂಥ ಫಾರಮುಗಳನ್ನು ತುಂಬುವವರು ಹಲವು ಮನೆಗಳಲ್ಲಿ ಮಕ್ಕಳೇ. ತುಂಬುವ ಮೊದಲು ಆ ಪುಟದ ಕೆಳಗೆ ಇ-ಮೇಲ್ ವಿಳಾಸ ಉಂಟೋ ಎಂದು ನೋಡಿ. ಹಣದ ವಿಚಾರ, ದೂರಿನ ವಿಚಾರ, ದಿನಾಂಕದ ವಿಚಾರವಿದ್ದರೆ ಪತ್ರವನ್ನೇ ಬರೆಯುವುದು ಯುಕ್ತ. ವಿಳಾಸವಿಲ್ಲದಿದ್ದರೆ, ಗುಂಡಿ ಒತ್ತುವ ಮುಂಚೆ ತುಂಬಿದ ಫಾರಮಿನ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಒತ್ತಿದ ಮೇಲೆ ಬರುವ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಎರಡು ಮೂರು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅವರಿಗೆ ತಲುಪಿಯೇ ಇಲ್ಲದಿರಬಹುದೆಂದು ಭಾವಿಸಿ ಒಮ್ಮೆ ಫೋನು ಮಾಡಿ ಕೇಳಿ. ಚಿಕ್ಕಪ್ಪನವರದೋ ನೆರೆಯವರದೋ ಅಂಗಡಿಗೆ ಜಾಲತಾಣವಿದ್ದರೆ, ಅವರ ಅನುಮತಿ ಪಡೆದು, ಒಂದು ಸಂದೇಶವನ್ನು ಕನ್ನಡದಲ್ಲಿಯೇ ಬರೆದು ಕಳುಹಿಸಿ, ಅದು ಅಕ್ಷರಗಳಾಗಿ ತಲುಪಿತೋ ಪ್ರಶ್ನಾರ್ಥಕ ಚಿಹ್ನೆಗಳಾಗಿ ತಲುಪಿತೋ ಎಂದು ನೋಡಿ ಹೇಳಿ. ಐದು ನಿಮಿಷದ ಈ ಸಹಾಯದಿಂದ ಅವರ ಎಷ್ಟೋ ಗಿರಾಕಿಗಳು ಉಳಿಯಬಹುದು.